ಆರತಿ ತಟ್ಟೆಯಲ್ಲಿದ್ದ ಬಿರಡೆ

ನಮ್ಮ ಮನೆಗೆ ದೋಣಿ ಬಂದದ್ದು ಪಕ್ಕದ ಮನೆಯಿಂದ. ಎರಡು ಅಂಗಳಗಳ ನಡುವೆ ಇರುವುದು ಒಂದು ಲಾರೆಲ್ ಬೇಲಿ ಮಾತ್ರ. ಆದರೂ ಆ ಕಡೆಯಿಂದ ಈ ಕಡೆಗೆ ತರಲು ಇಡೀ ಒಂದು ಮಧ್ಯಾಹ್ನ ಹಿಡಿಯಿತು. ದೋಣಿ ಕೂತಿದ್ದ ಟ್ರೇಲರನ್ನು ಕಾರಿಗೆ ಸಿಕ್ಕಿಸಿ ಹಿಂದಕ್ಕೆ ಬಿಡುವಾಗ, ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ ಎನ್ನುವುದು ನನ್ನ ಗಂಡನಿಗೆ ಗೊತ್ತಿರಲಿಲ್ಲ. ದೋಣಿ ಮಾರಿದ ಪಕ್ಕದ ಮನೆಯ ಹಿರಿಯರು ಕೋಲೂರಿಕೊಂಡು ಎರಡು ಮೀಟರ್ ದೂರದಲ್ಲಿ ನಿಂತು, "ಅವಸರ ಬೇಡಪ್ಪ, ಕೆರೆ ಎಲ್ಲೂ ಓಡಿಹೋಗಲ್ಲ" ಎನ್ನುತ್ತಿದ್ದರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನ ಕಿವಿಗೆ ಅದು ಕೇಳಿಸಿದ್ದು ಹೀಗೆ, ಹಾಗಾಗಿ ಹೀಗೆಯೇ ಬರೆಯುತ್ತೇನೆ.

ಅದು ಕೊರೋನಾದ ಎರಡನೆಯ ಬೇಸಿಗೆ. ಅದಕ್ಕೆ ಹಿಂದಿನ ಶರತ್ಕಾಲದಲ್ಲಿ ನಾವು ಈ ದೇಶದ ರಾಜಧಾನಿಯ ಅಂಚಿನ ಕ್ಲಾಂಡಾಲ್ಕಿನ್ ಬಡಾವಣೆ ಬಿಟ್ಟು ಇಲ್ಲಿಗೆ, ಡ್ರೋಹೆಡಾ ಪಟ್ಟಣದಿಂದ ಒಳನಾಡಿಗೆ ಒಂದು ಗಂಟೆಯ ದಾರಿಯ ಈ ಪುಟ್ಟ ಊರಿಗೆ ಬಂದಿದ್ದೆವು. ನನ್ನ ಗಂಡನ ಆಫೀಸು ಹೇಗೂ ಊಟದ ಮೇಜಿನ ಮೇಲೆ ಬಂದು ಕೂತಿತ್ತು. ಆ ಮೇಜನ್ನು ಎಲ್ಲಿಟ್ಟರೇನು ಎಂದು ಯೋಚಿಸಿದೆವು. ಇಲ್ಲಿ ಬಾಡಿಗೆ ಕಡಿಮೆ, ಮಗಳಿಗೆ ಒಂದು ಕೋಣೆ, ನನಗೆ ದೇವರಿಗೆಂದು ಒಂದು ಗೂಡು. ಊರಿನ ಸುತ್ತ ಎಷ್ಟು ಕೆರೆಗಳಿವೆ ಎಂದರೆ, ನಾವು ಬಂದ ಮೊದಲ ವಾರ ದಾರಿ ತಪ್ಪಿದಾಗಲೆಲ್ಲ ಒಂದು ಕೆರೆಯ ದಂಡೆಯಲ್ಲೇ ನಿಲ್ಲುತ್ತಿದ್ದೆವು.

ಜನವರಿಯಲ್ಲಿ ನನ್ನ ಗಂಡನಿಗೆ ಕಾಯಿಲೆ ಬಂತು. ಹನ್ನೊಂದು ದಿನ ಡ್ರೋಹೆಡಾದ ಆಸ್ಪತ್ರೆಯಲ್ಲಿದ್ದರು. ನಮ್ಮನ್ನು ಒಳಗೆ ಬಿಡುವಂತಿರಲಿಲ್ಲ. ಕೇರಳದ ನರ್ಸಮ್ಮ ಒಬ್ಬಳು ದಿನಾ ಸಂಜೆ ತನ್ನ ಕೆಲಸದ ನಡುವೆಯೇ ಫೋನನ್ನು ಅವರ ಮುಖದ ಮುಂದೆ ಹಿಡಿಯುತ್ತಿದ್ದಳು. ನನಗೆ ಮಲಯಾಳ ಬಾರದು, ಅವಳಿಗೆ ಕನ್ನಡ ಬಾರದು. "ಇವತ್ತು ಇಡ್ಲಿ ಕೇಳಿದರು ಚೇಚಿ, ಇಲ್ಲಿ ಟೋಸ್ಟ್ ಕೊಟ್ಟೆ" ಎಂದು, ಅಕ್ಕಾ ಎನ್ನುವುದೊಂದನ್ನು ಬಿಟ್ಟು ಬಾಕಿಯೆಲ್ಲ ಇಂಗ್ಲಿಷಿನಲ್ಲಿ ಹೇಳಿ ನಗುತ್ತಿದ್ದಳು. ನನ್ನಮ್ಮ ನನಗೆ ಚಿಕ್ಕಂದಿನಲ್ಲೇ ಒಂದು ಅಭ್ಯಾಸ ಮಾಡಿಸಿದ್ದಳು. ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಕೊಟ್ಟದ್ದನ್ನು ಬೆರಳ ಗೆರೆಗಳ ಮೇಲೆ ಎಣಿಸಬೇಕು. ಮೂರಾದರೂ ಸಿಗಬೇಕು, ಸಿಗದಿದ್ದರೆ ಸರಿಯಾಗಿ ಹುಡುಕಿಲ್ಲ ಎಂದರ್ಥ. ಆ ಹನ್ನೊಂದು ದಿನವೂ ನನ್ನ ಮೊದಲ ಗೆರೆ ಆ ನರ್ಸಮ್ಮನದೇ ಆಗಿತ್ತು.

ಮನೆಗೆ ಬಂದ ಮೇಲೆ ಎದೆ ನಿಧಾನವಾಗಿ ಸುಧಾರಿಸಿತು. ನಾನು ಅವರ ಉಸಿರನ್ನು ಎಣಿಸುತ್ತಿದ್ದೆ. ಡಾಕ್ಟರು ಮೊದಲ ಎರಡು ವಾರ ಎಣಿಸಿ ಎಂದಿದ್ದರು. ಅಭ್ಯಾಸ ನಿಲ್ಲಲೇ ಇಲ್ಲ. ಪಾತ್ರೆ ತೊಳೆಯುತ್ತಲೂ ಪಕ್ಕದ ಕೋಣೆಯಿಂದ ಕೇಳಿಬರುವ ಉಸಿರನ್ನು ಎಣಿಸುತ್ತಿದ್ದೆ. ಆದರೆ ಸುಧಾರಿಸದೆ ಉಳಿದದ್ದು ಇನ್ನೊಂದು, ಜ್ಞಾಪಕ. ಎಲ್ಲ ನೆಂಟರ ಫೋನ್ ನಂಬರು ಬಾಯಲ್ಲೇ ಇಟ್ಟುಕೊಂಡಿದ್ದ ಮನುಷ್ಯ ಹಾಲು ಒಲೆಯ ಮೇಲಿಟ್ಟು ಮರೆತು ಹೊರಗೆ ಹೋಗಿಬಿಡುತ್ತಿದ್ದರು. ಮಗಳಿಗೆ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುತ್ತಿದ್ದರು. ಆಫೀಸಿನ ಮೀಟಿಂಗಿನಲ್ಲಿ ಐದು ವರ್ಷ ಜೊತೆಗೆ ಕೆಲಸ ಮಾಡಿದವನ ಹೆಸರು ಬಾಯಿಗೆ ಬರದೆ, ಕ್ಯಾಮೆರಾ ಆಫ್ ಮಾಡಿ ಸುಮ್ಮನೆ ಕೂತಿದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ. ನಿಧಾನವಾಗಿ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಆಫೀಸಿನವರೂ ಒಳ್ಳೆಯವರೇ, ಅರ್ಧ ದಿನದ ಕೆಲಸ ಕೊಟ್ಟಿದ್ದರು. ಆದರೆ ಎಷ್ಟು ದಿನ? ಜೂನ್ ತಿಂಗಳಲ್ಲಿ ಕೇಳಿದರು: ಪೂರ್ತಿ ಕೆಲಸಕ್ಕೆ ಬರುತ್ತೀರೋ, ಇಲ್ಲವೇ ಬೇರೆ ಹಗುರವಾದ ಕೆಲಸ ನೋಡೋಣವೋ, ಸೋಮವಾರ ತಿಳಿಸಿ.

ಅಷ್ಟರಲ್ಲಿ ಈ ದೋಣಿ. ಬೇಲಿಯಾಚೆಯ ಹಿರಿಯರಿಗೆ ಸೊಂಟದ ಆಪರೇಷನ್ ಆಗಿ ದೋಣಿ ನಡೆಸಲು ಆಗುತ್ತಿರಲಿಲ್ಲ. ಕಾಯಿಲೆಯ ನಂತರ ಗೇಟು ದಾಟದ ನನ್ನ ಗಂಡ, ಬೇಲಿಯ ಬಳಿ ನಿಂತು ಅವರ ಹತ್ತಿರ ದೋಣಿಯ ಮಾತು ಕೇಳುತ್ತಿದ್ದರು. ಆಮೇಲೆ ಒಂದು ದಿನ ಒಳಗೆ ಬಂದು ಹೇಳಿದರು, "ನಾನು ತಗೊಳ್ತೀನಿ ಕಣೇ."

"ಈಜು ಬರಲ್ಲ ನಿಮಗೆ," ಎಂದೆ.

"ಲೈಫ್ ಜಾಕೆಟ್ ಇರತ್ತೆ."

"ನನಗೂ ಬರಲ್ಲ."

"ನಿನಗೂ ಲೈಫ್ ಜಾಕೆಟ್ ಇರತ್ತೆ." ಕುರ್ಚಿ ಎಳೆದು ಕೂತರು. "ನೋಡು, ನಾನು ಒಂದು ಪಟ್ಟಿ ಮಾಡ್ಕೊತೀನಿ. ಹೊರಡೋದ್ರಿಂದ ಹಿಡಿದು ವಾಪಸ್ ಬರೋವರೆಗೂ ಏನೇನು ಮಾಡಬೇಕು ಅಂತ. ಅದನ್ನೆಲ್ಲಾ ನಾನೇ ಸರಿಯಾಗಿ ಮಾಡಿ, ನಿಮ್ಮಿಬ್ಬರನ್ನೂ ಕರ್ಕೊಂಡು ಹೋಗಿ ಕರ್ಕೊಂಡು ಬಂದ್ರೆ, ಸೋಮವಾರ ಪೂರ್ತಿ ಕೆಲಸಕ್ಕೆ ಬರ್ತೀನಿ ಅಂತ ಬರೀತೀನಿ. ಆಗಲಿಲ್ಲ ಅಂದ್ರೆ ಆಗಲ್ಲ ಅಂತ ಬರೀತೀನಿ. ನನ್ನ ತಲೆ ನನ್ನ ಕೈಲಿದೆಯೋ ಇಲ್ವೋ ಗೊತ್ತಾಗಬೇಕು ನನಗೆ."

ಕೆರೆಯ ಮೇಲೆ ಪರೀಕ್ಷೆ ಬರೆಯುವುದು ಯಾವ ಸೀಮೆಯ ಲೆಕ್ಕವೋ ನನಗೆ ತಿಳಿಯಲಿಲ್ಲ. ಆದರೆ ಐದು ತಿಂಗಳಲ್ಲಿ ಆ ಮನುಷ್ಯ ತಾವಾಗಿಯೇ ಒಂದನ್ನು ಬೇಕು ಎಂದದ್ದು ಅದೇ ಮೊದಲು. ನಾನು ಒಂದೇ ಒಂದು ಷರತ್ತು ಹಾಕಿದೆ: ಪೂಜೆ ಆಗದೆ ದೋಣಿ ನೀರಿಗಿಳಿಯಬಾರದು.

"ಸ್ಕೂಟರ್‌ಗೆ ಮಾಡಿದ್ದೆ, ಕಾರಿಗೆ ಮಾಡಿದ್ದೆ, ವಾಷಿಂಗ್ ಮಷೀನ್‌ಗೂ ಮಾಡಿದ್ದೆ. ಇದನ್ನ ಯಾಕೆ ಬಿಡ್ತೀಯ," ಎಂದರು.

ಪಟ್ಟಿ ಮಾಡಿದರು. ಮಗಳ ಹಳೆಯ ಶಾಲೆಯ ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಸಾಲು, ಪ್ರತಿ ಸಾಲಿನ ಮುಂದೆ ಟಿಕ್ ಹಾಕಲು ಒಂದು ಪುಟ್ಟ ಚೌಕ. ಮೊದಲ ಸಾಲು ಬಿರಡೆ. ದೋಣಿಯ ಹಿಂಭಾಗದಲ್ಲಿ, ತೀರ ತಳದಲ್ಲಿ, ಹೆಬ್ಬೆರಳು ಹೋಗುವಷ್ಟು ಒಂದು ತೂತು ಇರುತ್ತದೆ. ದೋಣಿ ನೆಲದ ಮೇಲಿದ್ದಾಗ ಮಳೆನೀರು ಅಲ್ಲಿಂದ ಹರಿದುಹೋಗಬೇಕು. ನೀರಿಗಿಳಿಸುವ ಮುನ್ನ ಅದಕ್ಕೆ ತಿರುಪಿನ ಬಿರಡೆ ಹಾಕಬೇಕು. ಹಿರಿಯರು ಇದನ್ನು ಬಂಗ್ ಎನ್ನುತ್ತಿದ್ದರು. "ಮೊದಲು ಬಂಗ್, ಆಮೇಲೆ ಬಾಕಿ ಎಲ್ಲ. ಬೈಬಲ್ಲಿನ ಹಾಗೆ ನೆನಪಿಟ್ಟುಕೋ," ಎಂದು ಬೇಲಿಯಾಚೆಯಿಂದ ದಿನಕ್ಕೆರಡು ಸಲ ಹೇಳುತ್ತಿದ್ದರು. ಶುಕ್ರವಾರ ಸಂಜೆ ನನ್ನ ಗಂಡ ಬಿರಡೆ ಹಾಕಿ, ತಿರುಗಿಸಿ ಬಿಗಿ ಮಾಡಿ, ಒಳಗೆ ಬಂದು ಮೊದಲ ಚೌಕದಲ್ಲಿ ಟಿಕ್ ಹಾಕಿದರು. ಹಾಕಿದ್ದನ್ನು ನನಗೂ ಮಗಳಿಗೂ ತೋರಿಸಿದರು.

ಶನಿವಾರ ಬೆಳಗ್ಗೆ ಎದ್ದು ಮಡಿಯುಟ್ಟು ನಾನು ಅಂಗಳಕ್ಕೆ ಬಂದೆ. ಅವರು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ರಾಹುಕಾಲ ಯಾವುದು ನೋಡ್ತೀಯ? ಮೈಸೂರಿಂದೋ ಇಲ್ಲೀದೋ?"

"ಸೂರ್ಯ ಎಲ್ಲಿ ಹುಟ್ತಾನೋ ಅಲ್ಲೀದು."

"ಇಲ್ಲಿ ಅವನು ಐದಕ್ಕೆ ಹುಟ್ಟಿ ರಾತ್ರಿ ಹತ್ತಕ್ಕೆ ಮುಳುಗ್ತಾನೆ."

"ಅದಕ್ಕೇ ಇಲ್ಲಿ ಬೇಸಿಗೇಲಿ ರಾಹುಕಾಲಾನೂ ಎರಡು ಗಂಟೆ ಮೇಲಾಗತ್ತೆ. ಒಂಬತ್ತೂಕಾಲು ಒಳಗೆ ಗೇಟು ದಾಟಬೇಕು. ನೀವು ಸ್ನಾನಕ್ಕೆ ಹೋಗಿ."

"ರಾಹುಗೂ ಓವರ್‌ಟೈಮ್," ಎನ್ನುತ್ತ ಒಳಗೆ ಹೋದರು.

ಮಾವಿನ ಎಲೆ ಇಲ್ಲಿ ಎಲ್ಲಿಂದ ಬರಬೇಕು? ಬೇಲಿಯ ಲಾರೆಲ್ ಎಲೆಗಳನ್ನೇ ದಾರಕ್ಕೆ ಪೋಣಿಸಿ ದೋಣಿಯ ಮೂತಿಗೆ ತೋರಣ ಕಟ್ಟಿದೆ. ದೂರದಿಂದ ನೋಡಿದರೆ ಮಾವೇ. ತೆಂಗಿನಕಾಯಿ ಸೂಪರ್‌ಮಾರ್ಕೆಟ್ಟಿನದು, ಜುಟ್ಟಿಲ್ಲದ್ದು. ದೇವರು ಐದಾರು ವರ್ಷದಿಂದ ನಮ್ಮ ಮನೆಯ ಜುಟ್ಟಿಲ್ಲದ ಕಾಯಿಯನ್ನೇ ಒಪ್ಪಿಕೊಂಡಿದ್ದಾನೆ. ದೋಣಿಗೆ ಚಕ್ರ ಇಲ್ಲವಾದ್ದರಿಂದ ನಿಂಬೆಹಣ್ಣುಗಳನ್ನು ಟ್ರೇಲರಿನ ಚಕ್ರಗಳ ಕೆಳಗಿಟ್ಟೆ. ಬೇಲಿಯಾಚೆ ಹಿರಿಯರು ಆಗಲೇ ಬಂದು ನಿಂತಿದ್ದರು, ಟೋಪಿ ತೆಗೆದು ಕೈಯಲ್ಲಿ ಹಿಡಿದು.

"ಆಶೀರ್ವಾದಕ್ಕೋ, ಮಿಸೆಸ್?"

"ಹೌದು," ಎಂದೆ.

"ನಮ್ಮಲ್ಲೂ ಇತ್ತು. ನಾನು ಹುಡುಗ ಆಗಿದ್ದಾಗ ಪಾದ್ರಿಗಳು ಬಂದು ದೋಣಿಗಳಿಗೆ ತೀರ್ಥ ಚಿಮುಕಿಸ್ತಿದ್ರು." ಹೀಗೆ ಹೇಳಿ ಒಳಗೆ ಹೋಗಿ, ಮೇರಿ ತಾಯಿಯ ಆಕಾರದ ಒಂದು ಪ್ಲಾಸ್ಟಿಕ್ ಬಾಟಲಿ ತಂದು ಬೇಲಿಯ ಮೇಲಿಟ್ಟು ಹಿಂದೆ ಸರಿದರು. ತೀರಿಹೋದ ಹೆಂಡತಿ ಯಾತ್ರೆಯಿಂದ ತಂದಿಟ್ಟ ನೀರಂತೆ. ನಾನು ಕಣ್ಣಿಗೊತ್ತಿಕೊಂಡು ಅದನ್ನೂ ದೋಣಿಯೊಳಗೆ ಚಿಮುಕಿಸಿದೆ.

ಆಗಲೇ ತಪ್ಪು ನಡೆದದ್ದು. ಮುಚ್ಚಿಡದೆ ಹೇಳುತ್ತೇನೆ. ಅವರ ತೀರ್ಥ ನಾಲ್ಕು ಹನಿ. ನಾನು ಅದಕ್ಕೂ ಮೊದಲು ಎರಡು ಬಕೆಟ್ ಅರಿಶಿನದ ನೀರಿನಲ್ಲಿ ದೋಣಿಯ ಒಳಗನ್ನು ತೊಳೆದಿದ್ದೆ. ಆ ನೀರು ಹಿಂದುಗಡೆ ಹಳದಿ ಮಡುವಾಗಿ ನಿಂತಿತ್ತು. ಪೂಜೆ ಮಾಡುವಾಗ ಕೊಳೆನೀರು ನಿಂತಿರಬಾರದಲ್ಲ. ನಾನು ಬಗ್ಗಿ ಬಿರಡೆಗೆ ಕೈ ಹಾಕಿದೆ. ತಿರುಗಲಿಲ್ಲ. ಸೆರಗಿನ ತುದಿ ಹಿಡಿದು ಗಟ್ಟಿಯಾಗಿ ತಿರುಗಿಸಿದ ಮೇಲೆ ಬಂತು. ನೀರೆಲ್ಲ ಹರಿದು ಹೋಯಿತು. ಕೈಯಲ್ಲಿದ್ದ ಬಿರಡೆಯನ್ನು ನೋಡಿದೆ: ಹಿತ್ತಾಳೆಯದು, ಪುಟ್ಟದು, ಹಳೆಯದು. ಆಯುಧಪೂಜೆಯ ದಿನ ನಮ್ಮಪ್ಪ ಸ್ಕ್ರೂಡ್ರೈವರಿನಿಂದ ಹಿಡಿದು ಸೈಕಲ್ ಪಂಪಿನವರೆಗೆ ಸಾಲಾಗಿ ಜೋಡಿಸಿ ಒಂದೊಂದಕ್ಕೂ ಕುಂಕುಮ ಇಡುತ್ತಿದ್ದರು. ಚಿಕ್ಕದನ್ನು ಮರೆತರೆ ಅದು ಕೈಕೊಡುತ್ತದೆ ಎನ್ನುತ್ತಿದ್ದರು. ನಾನು ಬಿರಡೆಯನ್ನು ಆರತಿ ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಗುಲಾಬಿ ಇಟ್ಟೆ. ಪೂಜೆ ಮುಗಿದ ಮೇಲೆ ಹಾಕೋಣ ಎಂದುಕೊಂಡೆ.

ಅಷ್ಟರಲ್ಲಿ ಅವರು ಸ್ನಾನ ಮುಗಿಸಿ ಬಂದರು, ಮಗಳು ಬಂದಳು. ಮಂಗಳಾರತಿ ಮಾಡಿದೆ. ಕಾಯಿಯನ್ನು ದೋಣಿಗೆ ತಾಗಿಸಬೇಡ, ಬಣ್ಣ ಹೋಗುತ್ತದೆ ಎಂದರು. ಮೆಟ್ಟಿಲಿನ ಕಲ್ಲಿಗೆ ಒಡೆದೆ. ಗಡಿಯಾರದಲ್ಲಿ ಒಂಬತ್ತಾಗಿ ಹತ್ತು ನಿಮಿಷ. "ಹತ್ತಿ ಹತ್ತಿ, ರಾಹುಕಾಲ ಬಂತು" ಎಂದು ನಾನೇ ಎಲ್ಲರನ್ನೂ ಅಟ್ಟಿ, ತಟ್ಟೆಯನ್ನು ಓಡುತ್ತ ಹೋಗಿ ದೇವರ ಮುಂದಿಟ್ಟು, ಸೀರೆ ಬದಲಿಸಲೂ ಹೊತ್ತಿಲ್ಲದೆ ಕಾರು ಹತ್ತಿದೆ. ನಿಂಬೆಹಣ್ಣು ಪಚಕ್ಕೆಂದಿತು. ಗೇಟು ದಾಟಿದೆವು. ನನಗೆ ಮನಸ್ಸು ತುಂಬಿ ಬಂದಿತ್ತು, ಒಂದೂ ಲೋಪವಿಲ್ಲದೆ ಎಲ್ಲ ಆಯಿತು ಎಂದು.

ಕೆರೆ ಹತ್ತು ನಿಮಿಷದ ದಾರಿ. ಇಳಿಜಾರಿನಲ್ಲಿ ಟ್ರೇಲರನ್ನು ಹಿಂದಕ್ಕೆ ಬಿಡುವುದಕ್ಕೆ ನನ್ನ ಗಂಡ ಮೂರು ಸಲ ಪ್ರಯತ್ನಿಸಿದರು. ಅವಸರ ಮಾಡಲಿಲ್ಲ. ನೋಟ್‌ಬುಕ್ ತೆಗೆದು ಒಂದೊಂದೇ ಸಾಲು ಓದುತ್ತ, ಒಂದೊಂದೇ ಟಿಕ್ ಹಾಕುತ್ತ ಹೋದರು. ಮೊದಲ ಸಾಲಿನ ಟಿಕ್ಕಿನ ಮೇಲೆ ಬೆರಳಿಟ್ಟು ಮುಂದಕ್ಕೆ ಹೋದದ್ದನ್ನು ನಾನು ನೋಡಿದೆ. ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ನಾನು ಕೆರೆಗೆ ಗಂಗೆಪೂಜೆ ಮಾಡುವ ಗಡಿಬಿಡಿಯಲ್ಲಿದ್ದೆ. ತಾಮ್ರದ ಚೊಂಬು, ಅರಿಶಿನದ ಕೊಂಬು, ಕುಂಕುಮ, ಬಾಳೆಹಣ್ಣು ಎಲ್ಲ ಒಂದು ಬಟ್ಟೆಯ ಚೀಲದಲ್ಲಿ. ನಮ್ಮ ಊರಿನ ಹೆಂಗಸರು ಕಾವೇರಿ ತುಂಬಿದಾಗ ಬಾಗಿನ ಕೊಡುವುದನ್ನು ನೋಡಿ ಬೆಳೆದವಳು ನಾನು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿ, ಕಾಲಿಗೆ ಸಾಕ್ಸು ಬೂಟು ತೊಟ್ಟು ದೋಣಿ ಹತ್ತಿದ ನನ್ನನ್ನು ನೋಡಿ ಮಗಳು ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡಳು.

"ಯಾರೂ ಇಲ್ಲ ಪುಟ್ಟಿ, ಬಾತುಕೋಳಿ ಅಷ್ಟೇ," ಎಂದೆ.

"ಇಟ್ಸ್ ಗ್ರ್ಯಾಂಡ್, ಮಾಮ್," ಎಂದು ಅವಳು ಈ ಊರಿನ ರಾಗದಲ್ಲಿ ಹೇಳಿ, ಇಲ್ಲಿ ಅದಕ್ಕೆ ಪರವಾಗಿಲ್ಲ ಎಂದರ್ಥ, ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಇಂಗ್ಲಿಷಿನಲ್ಲೇ.

ಮೋಟಾರು ಎರಡನೆಯ ಎಳೆತಕ್ಕೇ ಹತ್ತಿತು. ದಂಡೆ ಹಿಂದೆ ಸರಿಯಿತು. ಜೊಂಡಿನ ನಡುವಿನಿಂದ ಬಯಲಿಗೆ ಬಂದಾಗ ನನ್ನ ಗಂಡನ ಮುಖ ನೋಡಿದೆ. ಆಸ್ಪತ್ರೆಯಿಂದ ಬಂದ ಮೇಲೆ ಅವರ ಹುಬ್ಬುಗಳ ನಡುವೆ ಒಂದು ಗೆರೆ ಕೂತಿತ್ತು, ಏನನ್ನೋ ನೆನಪಿಸಿಕೊಳ್ಳುತ್ತಿರುವವರ ಹಾಗೆ. ಆ ಗೆರೆ ಇರಲಿಲ್ಲ. ಕೆರೆಯ ನಡುವೆ ಮೋಟಾರು ನಿಲ್ಲಿಸಿದರು. ಇಷ್ಟು ಮೌನವನ್ನು ನಾನು ದೇವಸ್ಥಾನದಲ್ಲೂ ಕೇಳಿಲ್ಲ. ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಟ್ಟೆ.

"ಎಷ್ಟು ಟಿಕ್ ಆಯ್ತು?" ಎಂದೆ.

"ಒಂಬತ್ತು. ಇನ್ನು ವಾಪಸ್ ಹೋಗೋದು ಐದು." ಕಾಫಿ ಕುಡಿದು, ನೀರನ್ನು ನೋಡುತ್ತ ಹೇಳಿದರು, "ಸೋಮವಾರ ಬರೀತೀನಿ ಕಣೇ. ಬರ್ತೀನಿ ಅಂತ."

ನನಗೆ ಸಾಕ್ಸು ಒದ್ದೆಯಾದದ್ದು ಆಗ ತಿಳಿಯಿತು. ಚೊಂಬು ತುಳುಕಿರಬೇಕು ಎಂದುಕೊಂಡೆ. ಆದರೆ ಚೊಂಬಿಗೆ ನಾನಿನ್ನೂ ನೀರನ್ನೇ ತುಂಬಿರಲಿಲ್ಲ. ಕಾಲೆತ್ತಿ ನೋಡಿದರೆ ಅವರು ಕೂತಿದ್ದ ಹಿಂಭಾಗದಲ್ಲಿ ಹಲಗೆಯ ಮೇಲೆ ನೀರು ಹರಿದಾಡುತ್ತಿತ್ತು, ಇನ್ನೂ ತೊಳೆಯದೆ ಉಳಿದಿದ್ದ ಅರಿಶಿನದಿಂದ ಅಂಚಿನಲ್ಲಿ ಸ್ವಲ್ಪ ಹಳದಿಯಾಗಿ.

"ಡ್ಯಾಡ್," ಎಂದಳು ಮಗಳು, ಮೆಲ್ಲಗೆ. "ದ ಬಂಗ್."

ಆ ಕ್ಷಣವೇ ನನಗೆ ಆರತಿ ತಟ್ಟೆ ಕಣ್ಣಿಗೆ ಕಟ್ಟಿತು, ಗುಲಾಬಿ ಸಮೇತ.

ಅವರು ಮೊಣಕಾಲೂರಿ ನೀರಿನೊಳಗೆ ಕೈಬಿಟ್ಟು ತಡಕಿದರು. "ಇಲ್ಲ. ತೂತು ಮಾತ್ರ ಇದೆ. ಹಾಕಿದ್ದೆ ನಾನು. ಹಾಕಿದ್ನಲ್ಲ?" ಎಂದು ನನ್ನ ಮುಖ ನೋಡಿದರು. ನಾನು ಚೀಲಕ್ಕೆ ಕೈಹಾಕಿ ಅರಿಶಿನದ ಕೊಂಬನ್ನು ತೆಗೆದೆ. ಹೆಬ್ಬೆರಳ ಗಾತ್ರದ್ದು. ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆಯ ಮಾಸ್ಕನ್ನು ಅದಕ್ಕೆ ಸುತ್ತಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ತೂತಿಗೆ ತುರುಕಿ ಅಂಗೈಯಿಂದ ಗುದ್ದಿದರು. ಬುಗ್ಗೆ ನಿಂತು ಜಿನುಗು ಉಳಿಯಿತು.

ಮೋಟಾರಿನ ಹಗ್ಗ ಎಳೆದರು. ಹತ್ತಲಿಲ್ಲ. ಅವಸರದಲ್ಲಿ ಎಳೆದೆಳೆದು ಪೆಟ್ರೋಲಿನ ವಾಸನೆ ಬಂತೇ ಹೊರತು ಸದ್ದು ಬರಲಿಲ್ಲ. ಕೊನೆಗೆ ಹುಟ್ಟುಗಳನ್ನು ಇಳಿಸಿ ಕೂತರು. ಮಗಳು ಚಿತ್ರಾನ್ನದ ಡಬ್ಬಿಯನ್ನು ಖಾಲಿ ಮಾಡಿ, ಅನ್ನವೆಲ್ಲ ಬಾತುಕೋಳಿಗಳ ಪಾಲಾಯಿತು, ನೀರು ತೋಡಿ ಎಸೆಯತೊಡಗಿದಳು. ನಾನು ಚೊಂಬಿನಲ್ಲಿ. ಬಾಯಲ್ಲಿ ನಂಜುಂಡೇಶ್ವರನ ಹೆಸರು, ಕೈಯಲ್ಲಿ ಚೊಂಬು. ಯಾವುದಕ್ಕೂ ಬಿಡುವಿರಲಿಲ್ಲ.

"ಎಡ ಜಾಸ್ತಿ ಆಗ್ತಿದೆ ರೀ," ಎಂದೆ.

"ನೀನು ತೋಡು, ಮಾತಾಡಬೇಡ."

"ತೋಡ್ತಾನೇ ಮಾತಾಡ್ತಿದೀನಿ."

ಮಗಳು ನಕ್ಕಳು. ಹೆದರಿಕೆಯ ನಗುವೇ, ಆದರೂ ನಕ್ಕಳು. ಅವಳೇ ಒಂದು ಎರಡು ಎಂದು ಲೆಕ್ಕ ಹೇಳತೊಡಗಿದಳು, ಅಪರೂಪಕ್ಕೆ ಕನ್ನಡದಲ್ಲಿ. ಅವಳ ಲೆಕ್ಕಕ್ಕೆ ಸರಿಯಾಗಿ ಹುಟ್ಟು ಬಿತ್ತು. ದಂಡೆ ದೂರವೇನಲ್ಲ, ಕೂಗಿದರೆ ಕೇಳುವಷ್ಟು. ಆದರೆ ಐದು ತಿಂಗಳ ಹಿಂದೆ ಹಾಸಿಗೆಯಿಂದ ಬಚ್ಚಲಿಗೆ ನಡೆದು ಉಸಿರಿಗೆ ನಿಲ್ಲುತ್ತಿದ್ದ ಮನುಷ್ಯ ಅವರು. ಜೊಂಡಿಗೆ ದೋಣಿ ತಾಗಿದಾಗ ನಾನು ತಲೆಯೆತ್ತಿದೆ. ಅವರ ಎದೆ ಏರಿಳಿಯುತ್ತಿತ್ತು, ಮುಖ ಕೆಂಪಾಗಿತ್ತು, ಕೆಮ್ಮಿರಲಿಲ್ಲ. ಅಷ್ಟು ಹೊತ್ತೂ ನಾನು ಅವರ ಉಸಿರನ್ನು ಎಣಿಸಿಯೇ ಇರಲಿಲ್ಲ.

ಅದನ್ನು ಹೇಳಿ ಅವರನ್ನು ಸಂತೋಷಪಡಿಸಬೇಕು ಎಂದು ಬಾಯಿ ತೆರೆದೆ. ಆದರೆ ಅವರು ನೋಟ್‌ಬುಕ್ ತೆರೆದು ಮೊದಲ ಸಾಲನ್ನು ನೋಡುತ್ತಿದ್ದರು.

"ಟಿಕ್ ಹಾಕಿದೀನಿ ನೋಡು," ಎಂದರು. "ಹಾಕದೇ ಇರೋದಕ್ಕೆ ಟಿಕ್ ಹಾಕಿದೀನಿ. ಹಾಕಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ ನನಗೆ, ಬಿಗಿ ಮಾಡಿದ್ದು ಕೈಗೆ ನೆನಪಿದೆ. ಎಲ್ಲ ಸುಳ್ಳು. ಮಗೂನ ಕೂರಿಸ್ಕೊಂಡು ಹೋಗಿದೀನಿ."

ನಾನು ಸೀರೆಯ ಅಂಚು ಹಿಂಡುತ್ತ ನಿಂತಿದ್ದೆ. ಯಾಕೆ ಹೇಳಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮಗಳ ಮುಂದೆ ನಾಚಿಕೆ ಒಂದು. ಕಾಪಾಡಲಿ ಎಂದು ಮಾಡಿದ ಪೂಜೆಯಿಂದಲೇ ಮುಳುಗುತ್ತಿದ್ದೆವು ಎಂದರೆ, ಇನ್ನು ಮುಂದೆ ಈ ಮನೆಯಲ್ಲಿ ನನ್ನ ದೇವರಿಗೆ ಬೆಲೆ ಏನು ಎಂಬ ಭಯ ಇನ್ನೊಂದು. ಮೂರನೆಯದು ಬರೆಯಲು ಕಷ್ಟ. ಈ ದೋಣಿ ಇಲ್ಲಿಗೇ ಮುಗಿದರೆ ಒಳ್ಳೆಯದೇ, ನೀರಿನ ಸಹವಾಸ ತಪ್ಪಿತು ಎಂದು ಒಂದು ಕ್ಷಣ ನನಗೆ ಅನ್ನಿಸಿದ್ದು ನಿಜ.

ಮನೆಗೆ ಬಂದೆವು. ದೋಣಿಯನ್ನು ಅಂಗಳದಲ್ಲಿ ನಿಲ್ಲಿಸಿ ಅವರು ಬೇಲಿಯತ್ತ ತಿರುಗಿಯೂ ನೋಡದೆ ಒಳಗೆ ಹೋದರು. ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದರು, "ಅವರಿಗೇ ವಾಪಸ್ ಕೊಟ್ಟುಬಿಡ್ತೀನಿ." ಅನ್ನಕ್ಕೆ ಸಾರು ಹಾಕಿಸಿಕೊಂಡು, ಹಾಕಿಸಿಕೊಂಡದ್ದನ್ನು ಮರೆತವರಂತೆ ಮತ್ತೆ ಸಾರು ಕೇಳಿದರು. ಬೇರೆ ದಿನವಾಗಿದ್ದರೆ ಅದು ಮರೆವಲ್ಲ, ಯೋಚನೆ ಎಂದು ನಾನೇ ಹೇಳುತ್ತಿದ್ದೆ.

ದೇವರ ಗೂಡಿನ ಹತ್ತಿರ ಸಂಜೆಯವರೆಗೂ ನಾನು ಹೋಗಲಿಲ್ಲ. ಏಳಕ್ಕೆ ದೀಪ ಹಚ್ಚಲೇಬೇಕಿತ್ತು. ಇಲ್ಲಿ ಆ ಹೊತ್ತಿಗೆ ಬಿಸಿಲು ಇನ್ನೂ ಗೋಡೆಯ ಮೇಲಿರುತ್ತದೆ. ದೀಪ ಹಚ್ಚಿದರೂ ಹಚ್ಚಿದಂತೆ ಕಾಣುವುದಿಲ್ಲ. ತಟ್ಟೆಯಲ್ಲಿ ಗುಲಾಬಿ ಬಾಡಿತ್ತು. ಕೆಳಗೆ ಬಿರಡೆ, ಮೈತುಂಬ ಕುಂಕುಮ. ಕೈಮುಗಿದು ಬೆರಳ ಗೆರೆಗೆ ಹೆಬ್ಬೆರಳಿಟ್ಟು ಎಣಿಸತೊಡಗಿದೆ. ಮಗು ಕ್ಷೇಮ, ಒಂದು. ಅವರು ಕೆಮ್ಮದೆ ಹುಟ್ಟು ಹಾಕಿದರು, ಎರಡು. ಮೂರನೆಯದಕ್ಕೆ ಬಂದಾಗ, ಅವರ ಜ್ಞಾಪಕ ಸರಿಯಾಗಿಯೇ ಇತ್ತು ಎನ್ನುವುದು ಬಂತು. ಅವರು ಬಿರಡೆ ಹಾಕಿದ್ದರು. ಬಿಗಿ ಮಾಡಿದ್ದರು. ಕಣ್ಣಿಗೆ ಕಟ್ಟಿದ್ದೂ ಕೈಗೆ ನೆನಪಿದ್ದೂ ಎರಡೂ ನಿಜವಾಗಿತ್ತು. ಐದು ತಿಂಗಳಿಂದ ನಾನು ಬೇಡಿಕೊಂಡದ್ದನ್ನು ದೇವರು ಕೊಟ್ಟಿದ್ದ. ಅದನ್ನು ಅವರಿಂದ ಮುಚ್ಚಿಟ್ಟುಕೊಂಡು ಕೂತಿದ್ದವಳು ನಾನು.

ತಟ್ಟೆ ಎತ್ತಿಕೊಂಡು ಹೋದೆ. ಅವರು ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಆಫೀಸಿಗೆ ಪತ್ರ ಬರೆಯುತ್ತಿದ್ದರು. ಸೋಮವಾರದವರೆಗೂ ಕಾಯುವ ಮನಸ್ಸಿರಲಿಲ್ಲವೇನೋ. ನಾನು ತಟ್ಟೆಯನ್ನು ಅವರ ಮುಂದಿಟ್ಟೆ.

ಅವರು ಬಿರಡೆಯನ್ನು ನೋಡಿದರು. ಮುಟ್ಟಲಿಲ್ಲ.

"ಇದು ಇಲ್ಲಿ ಹೇಗೆ ಬಂತು?"

"ನಾನು ಬಿಚ್ಚಿದೆ. ತೊಳೆದ ನೀರು ನಿಂತಿತ್ತು. ಪೂಜೆ ಆದ್ಮೇಲೆ ಹಾಕೋಣ ಅಂತ ಇಟ್ಟೆ. ರಾಹುಕಾಲ ಅಂತ ಓಡಿದೆ, ಮರೆತೆ."

"ಹಾಗಾದ್ರೆ ನಾನು ಹಾಕಿದ್ದೆ."

"ಹಾಕಿದ್ರಿ. ಸೆರಗು ಹಿಡಿದು ತಿರುಗಿಸಬೇಕಾಯ್ತು ನನಗೆ. ಅಷ್ಟು ಬಿಗಿ ಮಾಡಿದ್ರಿ."

ಮಗಳು ಮೆಟ್ಟಿಲ ಮೇಲೆ ಬಂದು ನಿಂತಿದ್ದು ನನಗೆ ಗೊತ್ತಾಯಿತು.

"ಬೆಳಗ್ಗೆ ದೋಣೀಲೇ ಗೊತ್ತಾಗಿತ್ತಾ ನಿನಗೆ?"

"ಗೊತ್ತಾಗಿತ್ತು."

"ಇಡೀ ದಿನ ಸುಮ್ನಿದ್ದೆ."

"ಹೂಂ."

ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಮುಖ ತಿರುಗಿಸಿ ಕಿಟಕಿಯಾಚೆ ದೋಣಿಯನ್ನು ನೋಡಿದರು. ಅದರ ಮೂತಿಯಲ್ಲಿ ಲಾರೆಲ್ ತೋರಣ ಇನ್ನೂ ಇತ್ತು. "ಇದೊಂದನ್ನ ಮಾತ್ರ ಮರೆಯೋಕಾಗಲ್ಲ ಕಣೇ ನನಗೆ," ಎಂದರು. ಆ ಮಾತನ್ನು ನಾನು ಹಾಗೆಯೇ ನುಂಗಿಕೊಂಡೆ, ನ್ಯಾಯವಾಗಿಯೇ ಇತ್ತು. ಆಮೇಲೆ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು, ಬರೆದಿದ್ದಷ್ಟನ್ನೂ ಒಂದೊಂದೇ ಸಾಲಾಗಿ ಅಳಿಸಿದರು.

ಮೆಟ್ಟಿಲ ಮೇಲಿಂದ ಮಗಳು ಇಂಗ್ಲಿಷಿನಲ್ಲಿ ಕೇಳಿದಳು, ಹಾಗಾದರೆ ದೋಣಿ ನಮ್ಮದೇನಾ ಎಂದು.

"ನಮ್ಮದೇ," ಎಂದರು.

ಮರುದಿನ ಬೆಳಗ್ಗೆ ನಾನೇ ಬೇಲಿಯ ಬಳಿ ಹೋಗಿ ಹಿರಿಯರಿಗೆ ನಡೆದದ್ದನ್ನೆಲ್ಲ ಹೇಳಿದೆ. ಬೇರೆಯವರಿಂದ ಕೇಳುವುದು ಬೇಡ ಎಂದು. ಅವರು ಕೋಲಿನ ಮೇಲೆ ಭಾರ ಹಾಕಿ ನಗದೆ ಕೇಳಿಸಿಕೊಂಡರು. "ಆ ದೋಣಿಯ ಹೊಟ್ಟೇಲಿ ಫೋಮ್ ತುಂಬಿದೆ ಮಿಸೆಸ್, ಎರಡು ತುಂಡು ಮಾಡಿದ್ರೂ ಮುಳುಗಲ್ಲ. ನಾನು ನಲವತ್ತು ವರ್ಷದಲ್ಲಿ ಮೂರು ಸಲ ಬಂಗ್ ಮರೆತಿದೀನಿ. ನನ್ನ ಹತ್ತಿರ ದೇವರ ನೆಪಾನೂ ಇರಲಿಲ್ಲ." ಅದನ್ನು ನಿನ್ನೆಯೇ ಹೇಳಿದ್ದರೆ ನಾನು ಅಷ್ಟು ನೀರು ತೋಡಬೇಕಾಗಿರಲಿಲ್ಲ. ಹೋಗುವ ಮುನ್ನ, ಆ ಹಳದಿ ಬೇರು ಇನ್ನೊಂದಿದ್ದರೆ ಕೊಡಿ, ಇಟ್ಟುಕೊಳ್ಳುತ್ತೇನೆ ಎಂದರು. ಕೊಟ್ಟೆ.

ಅದೇ ದಿನ, ಭಾನುವಾರ, ನನ್ನ ಗಂಡ ಮತ್ತೆ ಹೊರಟರು. ಹೊರಡುವ ಮುನ್ನ ದೇವರ ಗೂಡಿಗೆ ಬಂದು ನನ್ನ ಹಿಂದೆ ನಿಂತರು. "ಕೊಡು ಅದನ್ನ," ಎಂದರು. ಬಿರಡೆ ಇನ್ನೂ ತಟ್ಟೆಯಲ್ಲಿತ್ತು.

"ನೀವೇ ತಗೊಳ್ಳಿ."

ತೆಗೆದುಕೊಂಡರು. ಕಣ್ಣು ಮುಚ್ಚಿದರೋ ಇಲ್ಲವೋ ನಾನು ತಿರುಗಿ ನೋಡಲಿಲ್ಲ. ಅಂಗಳಕ್ಕೆ ಹೋಗಿ ಬಿರಡೆ ಹಾಕಿ ಬಿಗಿ ಮಾಡಿದ ಮೇಲೆ ನನ್ನನ್ನು ಕರೆದರು.

"ಬಾ. ನೀನೂ ತಿರುಗಿಸಿ ನೋಡು."

ಬಗ್ಗಿ ತಿರುಗಿಸಿದೆ. ಅಲುಗಲಿಲ್ಲ. ತೂತಿನ ಸುತ್ತ ಅರಿಶಿನದ ಕಲೆ ಹಾಗೆಯೇ ಇತ್ತು, ಇವತ್ತಿಗೂ ಹೋಗಿಲ್ಲ. ಅವರು ನೋಟ್‌ಬುಕ್ಕನ್ನು ದೋಣಿಯ ಅಂಚಿನ ಮೇಲಿಟ್ಟರು. ರಾತ್ರಿಯೇ ಗೆರೆ ಹಾಕಿದ್ದಿರಬೇಕು, ಪಟ್ಟಿಯ ಪ್ರತಿ ಸಾಲಿನ ಮುಂದೆಯೂ ಈಗ ಎರಡೆರಡು ಚೌಕಗಳಿದ್ದವು. ಮೊದಲನೆಯದರಲ್ಲಿ ಅವರು ಟಿಕ್ ಹಾಕಿ ಪೆನ್ನನ್ನು ನನಗೆ ಕೊಟ್ಟರು. ನನ್ನ ಬೆರಳಲ್ಲಿ ಕುಂಕುಮವಿತ್ತು, ಕಾಗದಕ್ಕೆ ಸ್ವಲ್ಪ ಅಂಟಿತು. ಎರಡನೆಯ ಚೌಕದಲ್ಲಿ ನಾನು ಟಿಕ್ ಹಾಕಿದೆ.